ಬಾಗಿಲ ಮೇಲಿನ ತೂಕದ ಪಟ್ಟಿ

ಹಾರ್ಲನ್ ಕ್ರೀಕ್, ಅಯೋವಾ
ಮಾರ್ಚ್ 9

ಕೋಚ್ ಟೀಗ್ ಅವರಿಗೆ,

ನಮಸ್ಕಾರ-ಗಿಮಸ್ಕಾರ ಎಲ್ಲ ಆಯ್ತು ಅಂದ್ಕೊಳ್ಳಿ. ನಿಮ್ಮ ಕಾಗ್ದ ಅಕ್ಟೋಬರ್‌ನಲ್ಲೇ ಬಂತು. ತಡ ಆಯ್ತು ಕ್ಷಮಿಸಿ ಅಂತ ಬರೀಬೇಕು, ಆದ್ರೆ ನಂಗೆ ಹಾಗನ್ನಿಸ್ತಿಲ್ಲ, ಬರಿಯಲ್ಲ. ಐದು ತಿಂಗಳು ಅದು ನನ್ನ ಪಿಕಪ್ ಗಾಡಿ ಗಾಜಿನ ಹಿಂದೆ ಬಿದ್ದಿತ್ತು. ಬಿಸಿಲಿಗೆ ಹಳದಿಯಾಯ್ತು, ಮೇಲೆ ಕಾಫಿ ಚೆಲ್ತು. ಎಸೆಯೋಣ ಅಂತ ಮೂರು ಸಲ ಕೈಗೆ ತಗೊಂಡೆ. ಎಸೀಲಿಲ್ಲ. ಯಾಕೆ ಅಂತ ಕೇಳ್ಬೇಡಿ.

ಬರವಣಿಗೆ ಕೆಟ್ಟದಾಗಿದ್ರೆ ಬೈಕೊಳ್ಳಿ. ಎರಡನೇ ವರ್ಷದ ಅರ್ಧಕ್ಕೇ ಕಾಲೇಜು ಬಿಟ್ಟು ಬಂದವನು ನಾನು, ನಿಮ್ಮ ಹಾಗೆ ಎಂ.ಎ. ಓದ್ತಿಲ್ಲ.

ನಾನು ಇಲ್ಲೇ ಮೆಕ್ಕೆಜೋಳದ ಗೋದಾಮಿನಲ್ಲಿದ್ದೀನಿ. ಲಾರಿ ತೂಕ ಹಾಕೋ ಕೆಲ್ಸ. ತುಂಬಿದ ಲಾರಿ ಬಂದು ಹಲಗೆ ಮೇಲೆ ನಿಲ್ಲತ್ತೆ, ಬರ್ಕೋತೀನಿ. ಸುರಿದು ಖಾಲಿಯಾಗಿ ಬರತ್ತೆ, ಮತ್ತೆ ಬರ್ಕೋತೀನಿ. ನಗು ಬಂತಾ? ನಂಗೂ ಮೊದಲ ದಿನ ಬಂತು. ನಿಮ್ಮ ಹತ್ರ ಕುಸ್ತಿ ಮಾಡ್ತಿದ್ದಾಗಿನ ಕೆಲ್ಸಾನೇ ಇದು, ಲಾರಿಗೆ ಮಾತ್ರ ಯಾರೂ ಭಾಷಣ ಬಿಗಿಯಲ್ಲ.

ನೀವು ಐವತ್ತಾರನೇ ವಯಸ್ಸಲ್ಲಿ ಸ್ಟೂಡೆಂಟ್ ಅಫೇರ್ಸ್ ಅಂತ ಓದ್ತಿರೋ ವಿಷ್ಯನ ಗೋದಾಮಿನ ಯಜಮಾನ ಡ್ವೇನ್‌ಗೆ ಹೇಳ್ದೆ. “ಏನಪ್ಪಾ ಅದು?” ಅಂದ. “ಕಾಲೇಜು ಹುಡುಗ್ರು ಎಲ್ಲಿ ಮಲಗ್ತಾರೆ, ಏನು ತಿಂತಾರೆ, ಯಾಕೆ ಬಿಟ್ಟು ಓಡ್ತಾರೆ ಅಂತ ಕಲಿಸೋ ಓದು” ಅಂದೆ. “ಅದಕ್ಕೂ ಎರಡು ವರ್ಷ ಕೂತು ಓದ್ಬೇಕಾ? ಹಂದಿ ಸಾಕೋ ನನಗೆ ಬೆಳಗ್ಗೆ ಎದ್ದು ಒಂದು ಸುತ್ತು ಹೋಗಿ ಬಂದ್ರೆ ಎಲ್ಲ ಗೊತ್ತಾಗತ್ತಲ್ಲೋ!” ಅಂದ. ಇಬ್ರೂ ಬಿದ್ದೂ ಬಿದ್ದೂ ನಕ್ವಿ. ಆಮೇಲೆ ನೋಡಿದ್ರೆ ಡ್ವೇನ್ ಒಬ್ನೇ ನಗ್ತಿದ್ದ.

ಮಂಗಳವಾರ ಸಂಜೆ ಕ್ಲಾಸಿನಲ್ಲಿ ನಿಮ್ಮ ಮಗಳ ವಯಸ್ಸಿನ ಟೀಚರಮ್ಮ ಒಂದು ಹಾಳೆ ಕೊಟ್ಟಳು ಅಂತ ಬರ್ದಿದ್ರಿ. ನಿಮ್ಮ ಕೈಕೆಳಗಿನ ಹುಡುಗರ ಹೆಸರು ಬರೀರಿ, ಪಕ್ಕದಲ್ಲಿ ಅವರ ಬಗ್ಗೆ ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವಿಷ್ಯ ಬರೀರಿ. ನೀವು ಇಪ್ಪತ್ತಾರು ಜನರದ್ದೂ ತೂಕ ಬರ್ದ್ರಿ, ಅರ್ಧ ಪೌಂಡೂ ತಪ್ಪಿಲ್ದೆ. ಆಮೇಲೆ ಅವಳು, “ಈಗ ಕಾಲೇಜು ಮುಚ್ಚಿದಾಗ ಯಾರು ಎಲ್ಲಿಗೆ ಹೋಗ್ತಾರೆ ಬರೀರಿ” ಅಂದಳು. ನೀವು ಮೂರು ಜನರದ್ದು ಬರೆದು ಪೆನ್ನು ಕೆಳಗಿಟ್ರಿ. ಆಗ ನಂಗೆ ನಿನ್ನ ನೆನಪಾಯ್ತು ಕೋಲ್ಬಿ ಅಂತ ಬರ್ದಿದ್ದೀರ.

ಈಗ ನೆನಪಾಯ್ತಾ! ತಗೊಳ್ಳಿ, ಪೂರ್ತಿ ನೆನಪು ಮಾಡ್ಕೊಳ್ಳಿ.

ಎರಡು ವರ್ಷದ ಹಿಂದೆ ಡಿಸೆಂಬರ್ ಹದಿನೆಂಟಕ್ಕೆ ಕಾಲೇಜು ಮುಚ್ತು. ಕುಸ್ತಿಯವರಿಗೆ ಮಾತ್ರ ಹಾಸ್ಟೆಲ್ ರೂಮು ತೆಗೆದಿಟ್ರು, ದಿನಕ್ಕೆ ಎರಡು ಸಲ ಪ್ರಾಕ್ಟೀಸ್ ಇತ್ತಲ್ಲ. ಊಟದ ಹಾಲ್‌ಗೆ ಬೀಗ ಹಾಕಿದ್ರು. ಉಳಿದ ಹುಡುಗ್ರೆಲ್ಲ ಸುತ್ತಮುತ್ತಲ ಊರಿನವ್ರು, ಮನೆಗೆ ಹೋಗಿ ತಿಂದು ಬರ್ತಿದ್ರು. ನಾನು ನಮ್ಮಮ್ಮಂಗೆ ಫೋನ್ ಮಾಡಿದ್ದೆ, ಒಕ್ಲಹೋಮಾಗೆ. “ಈ ಸಲ ಜಾಗ ಇಲ್ಲ ಕಣೋ, ರಿಕ್ ಮಕ್ಕಳು ಬರ್ತಿದ್ದಾರೆ” ಅಂದ್ಳು. ರಿಕ್ ಅಂದ್ರೆ ಅವಳ ಆವಾಗಿನ ಗಂಡ. ಸರಿ ಅಂತ ಫೋನ್ ಇಟ್ಟೆ.

ಒಂದು ಡಬ್ಬಿ ಕಡಲೆಬೀಜದ ಬೆಣ್ಣೆ ಇತ್ತು, ಐದು ದಿನ ಬಂತು. ಆಮೇಲೆ ಉಪ್ಪು ಬಿಸ್ಕತ್ತು. ಕೊನೆಗೆ ಜೇಬಲ್ಲಿ ತುಂಬ್ಕೊಂಡು ಬಂದಿದ್ದ ಕೆಚಪ್ ಪೊಟ್ಟಣಗಳು. ಅದನ್ನ ಬಿಸಿನೀರಿಗೆ ಹಿಂಡಿದ್ರೆ ಸಾರಿನ ಹಾಗಾಗತ್ತೆ. ಆಗಲ್ಲ, ಸುಳ್ಳು.

ಅಭ್ಯಾಸದ ಕೋಣೆ ಬಾಗಿಲಿಗೆ ನಿಮ್ಮ ಪಟ್ಟಿ ಅಂಟಿಸಿತ್ತು. ಹೆಸರು, ಅಭ್ಯಾಸಕ್ಕೆ ಮುಂಚೆ ತೂಕ, ಆದ್ಮೇಲೆ ತೂಕ. ನನ್ನ ಹೆಸರಿನ ಮುಂದೆ ನೂರ ನಲವತ್ಮೂರು ಪೌಂಡ್ ಇದ್ದಿದ್ದು ನೂರ ನಲವತ್ತಾಯ್ತು, ನೂರ ಮೂವತ್ತೇಳಾಯ್ತು. ವಾರಕ್ಕೆ ಇಷ್ಟಕ್ಕಿಂತ ಜಾಸ್ತಿ ಇಳೀಬಾರ್ದು ಅಂತ ರೂಲ್ಸ್ ಓದಿ ಹೇಳಿದ್ದು ನೀವೇ. ಆದ್ರೆ ನಿಮಗೆ ನೂರ ಮೂವತ್ಮೂರು ಪೌಂಡಿನೊಳಗಿನವರ ಪಂದ್ಯಕ್ಕೆ ಒಬ್ಬ ಬೇಕಿತ್ತು. ನಾನು ದಿನಾ ಇಳೀತಿದ್ದೆ, ನೀವು ದಿನಾ ನಗ್ತಿದ್ರಿ.

ಕ್ರಿಸ್‌ಮಸ್ ಹಿಂದಿನ ಬೆಳಗ್ಗೆ ನಿಮ್ಮ ಮನೆಯವ್ರು, ಲೊರೆಟ್ಟಾ ಅಮ್ಮ, ದೊಡ್ಡ ತಟ್ಟೆ ತುಂಬ ಹಂದಿಮಾಂಸ ಇಟ್ಟ ಬನ್ನು ತಂದ್ರು. ಬಿಸಿ ಬಿಸಿ. ನೀವು ಅವರನ್ನ ಬಾಗಿಲಲ್ಲೇ ತಡೆದ್ರಿ.

“ಬಂದ್ಳಪ್ಪಾ ಶತ್ರುಗಳ ಕಡೆಯವ್ಳು! ವಾಪಸ್ ತಗೊಂಡ್ಹೋಗೇ, ನನ್ನ ಹುಡುಗ್ರ ವ್ರತ ಕೆಡಿಸ್ಬೇಡ.”

“ಕೋಚ್, ಮೂಸಿದ್ರೂ ತೂಕ ಏರತ್ತಾ?” ಅಂದ ನಮ್ಮ ಬ್ರಾಂಟ್. ಎಲ್ರೂ ನಕ್ರು. ನಾನೂ ನಕ್ಕೆ.

ಲೊರೆಟ್ಟಾ ಅಮ್ಮ ಒಬ್ರೇ ನಗ್ಲಿಲ್ಲ. “ಈ ಕೋಲ್ಬಿ ಕೆನ್ನೆ ನೋಡ್ರಿ, ಒಳಗೆ ಹೋಗ್ಬಿಟ್ಟಿದೆ. ಏನಾದ್ರೂ ತಿಂದ್ಯಾ ಮಗಾ?” ಅಂದ್ರು.

ನಾನು ಬಾಯಿ ತೆಗೆದೆ. ಕೋಚ್, ಆಣೆ ಮಾಡಿ ಹೇಳ್ತೀನಿ, ಹೇಳೋನಿದ್ದೆ. ಅಷ್ಟರಲ್ಲಿ ನೀವು ನನ್ನ ಕತ್ತಿನ ಮೇಲೆ ಕೈ ಇಟ್ಟು ಎಲ್ಲರ ಕಡೆ ತಿರುಗಿದ್ರಿ. “ಅವನಿಗೇನೂ ಬೇಡ. ನೋಡ್ರೋ ಇವನ್ನ! ಶಿಸ್ತು ಅಂದ್ರೆ ಇದು. ನೀವೆಲ್ಲ ಅಮ್ಮನ ಅಡುಗೆಮನೇಲಿ ಮುಕ್ಕಿ ಬರ್ತೀರ, ಇವನ್ನ ನೋಡಿ ಕಲೀರಿ.”

ತಟ್ಟೆ ವಾಪಸ್ ಹೋಯ್ತು. ಇಡೀ ಕಾಲೇಜಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ರೇ. ಅವರು ಯಾವ ಎಂ.ಎ.ನೂ ಓದಿಲ್ಲ.

ಫೆಬ್ರವರಿಯಲ್ಲಿ ಪಂದ್ಯದ ಮಧ್ಯ ಬಿದ್ದೆ. ಕಿಡ್ನಿ ಹೋಗೋದ್ರಲ್ಲಿತ್ತು ಅಂದ್ರು ಡಾಕ್ಟ್ರು. ಆಸ್ಪತ್ರೆಗೆ ನಿಮ್ಮ ಫೋನ್ ಬಂತು. “ಯಾವಾಗ ಬರ್ತೀಯೋ, ನೂರ ಮೂವತ್ಮೂರಕ್ಕೆ ಯಾರೂ ಇಲ್ಲ” ಅಂದ್ರಿ. ನೀವು ಮರೆತಿರ್ಬಹುದು. ನಾನು ಅಲ್ಲಿಂದ ಕಾಲೇಜಿಗೆ ವಾಪಸ್ ಬರ್ಲೇ ಇಲ್ಲ.

ಈಗ ನಿಮ್ಮ ಕಾಗ್ದದ ಜೊತೆ ಬಂದ ಈ ಒಪ್ಪಿಗೆ ಫಾರಂ. ಏಪ್ರಿಲ್ ಮೊದಲನೇ ವಾರ ಕಾಲೇಜು ಕಮಿಟಿ ಮುಂದೆ ನನ್ನ ಕಥೆ ಹೇಳ್ತೀರ. ನಿಜವಾದ ಒಬ್ಬ ಹುಡುಗನ ಮಾತು ಕೇಳಿದ್ರೆ ರಜೆಯಲ್ಲೂ ಊಟದ ಹಾಲ್ ತೆಗೆದಿಡ್ತಾರೆ, ಇಲ್ದಿದ್ರೆ ಒಪ್ಪಲ್ಲ ಅಂತೀರ. ನನ್ನ ಹೆಸರು ಬರಲ್ಲವಂತೆ, ‘ವಿದ್ಯಾರ್ಥಿ ಬಿ’ ಅಂತೆ. ನಾನು ಸಹಿ ಹಾಕಿದ್ರೆ ಮಾತ್ರ.

ಹಾಕಬಾರ್ದು ಅಂತಲೇ ಇದ್ದೆ. ನನ್ನ ಹಸಿವು ತಗೊಂಡು ನೀವು ಒಳ್ಳೆಯವ್ರಾಗೋದು ನಂಗೆ ಬೇಕಾಗಿರ್ಲಿಲ್ಲ. ನೀವು ಹಾಗೇ ಕೆಟ್ಟವ್ರಾಗಿ ಇದ್ಬಿಟ್ಟಿದ್ರೆ ನಂಗೆ ಸುಲಭ ಆಗ್ತಿತ್ತು. ಆದ್ರೆ ನೀವು ಪಟ್ಟಿ ಕಿತ್ತು ಹಾಕಿದ್ದೀರ, ತೂಕ ನೋಡೋ ಕೆಲ್ಸ ನರ್ಸ್‌ಗೆ ಕೊಟ್ಟಿದ್ದೀರ, ಅಭ್ಯಾಸದ ಕೋಣೇಲಿ ಫ್ರಿಜ್ ಇಟ್ಟಿದ್ದೀರ, ಲೊರೆಟ್ಟಾ ಅಮ್ಮ ಅದನ್ನ ತುಂಬ್ತಾರೆ. ಆ ಹಾಳೆ ಮನೆಗೆ ತಂದು ಒಬ್ಬೊಬ್ಬನ್ನೂ ಕೂರಿಸಿ ಕೇಳಿದ್ರಂತೆ, ರಜೆಗೆ ಎಲ್ಲಿಗೆ ಹೋಗ್ತೀಯ ಅಂತ. ನಾಲ್ಕು ಜನಕ್ಕೆ ಹೋಗೋಕೆ ಜಾಗ ಇರ್ಲಿಲ್ಲವಂತೆ.

ನಾಲ್ಕು! ಓದಿದ ಮಾರನೇ ದಿನ ಅದು ನೆನಪಾಗಿ ಗಾಡಿ ರಸ್ತೆ ಪಕ್ಕ ನಿಲ್ಲಿಸ್ದೆ. ಹಾಗಾದ್ರೆ ನನ್ನ ಕಾಲ್ದಲ್ಲಿ? ನನ್ನ ಹಾಗೇ ಹಸಿದವನು ಇನ್ಯಾರೋ ನನ್ನ ಪಕ್ಕದಲ್ಲೇ ನಿಂತು ನಕ್ಕಿದ್ನಾ?

ಸಹಿ ಹಾಕಿದ್ದೀನಿ. ‘ವಿದ್ಯಾರ್ಥಿ ಬಿ’ ಅನ್ನೋದನ್ನ ಹೊಡೆದು ಹಾಕಿ ನನ್ನ ಪೂರ್ತಿ ಹೆಸರು ಬರ್ದಿದ್ದೀನಿ. ಹಸಿದಿದ್ದು ಅವನಲ್ಲ, ನಾನು. ಹಾಗೇ ಓದ್ಬೇಕು. ವಾಪಸ್ ಬಂದು ಓದು ಮುಗಿಸು ಅಂದಿದ್ದೀರಲ್ಲ, ಅದಕ್ಕೆ ಉತ್ತರ ಈಗ ಕೊಡಲ್ಲ.

ನಿಮ್ಮ ಪರೀಕ್ಷೆ ಪಾಸಾಗ್ಲಿ. ಲೊರೆಟ್ಟಾ ಅಮ್ಮನ ಮಂಡಿನೋವು ಇಳೀಲಿ. ಆ ಫ್ರಿಜ್ ಯಾವತ್ತೂ ಬರಿದಾಗ್ದಿರ್ಲಿ. ಇಪ್ಪತ್ತೆರಡರ ನಾನು ಐವತ್ತಾರರ ನಿಮಗೆ ಹರಸ್ತಿದ್ದೀನಿ, ಬೇಕಿದ್ರೆ ತಗೊಳ್ಳಿ.

ಕೋಲ್ಬಿ ಡ್ರಾಯರ್

ಇನ್ನೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಕಮಿಟಿಗೆ ಓದೋಕೆ ನೀವು ಬರ್ಕೊಂಡು ಫಾರಂ ಜೊತೆ ಕಳಿಸಿರೋದ್ರಲ್ಲಿ ಒಂದು ತಪ್ಪಿದೆ. ಹಾಲ್ ಮುಚ್ಚಿತ್ತು, ಅದಕ್ಕೇ ಹುಡುಗ ಬಿದ್ದ ಅಂತಿದೆ. ಹಾಲ್ ಜನವರಿ ಹದಿಮೂರಕ್ಕೇ ತೆಗೀತು. ನಾನು ಬಿದ್ದಿದ್ದು ಫೆಬ್ರವರಿ ಒಂಬತ್ತಕ್ಕೆ. ಊಟದ ಕಾರ್ಡು ಜೇಬಲ್ಲೇ ಇತ್ತು. ದಿನಾ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ತಿದ್ದೆ, ನನ್ನ ಸರದಿ ಬಂದಾಗ ತಟ್ಟೆ ಇಟ್ಟು ಹೊರಗೆ ಬರ್ತಿದ್ದೆ. ಹುಟ್ಟಿದಾಗಿಂದ ಯಾರೂ ನಾಲ್ಕು ಜನರ ಮುಂದೆ ನನ್ನನ್ನ ತೋರ್ಸಿ ‘ನೋಡ್ರೋ ಇವನ್ನ’ ಅಂದಿರ್ಲಿಲ್ಲ. ಇನ್ನೊಂದು ಸಲ ಅಂತೀರೇನೋ ಅಂತ ಕಾಯ್ತಿದ್ದೆ. ಕಮಿಟಿ ಮುಂದೆ ಇದನ್ನೂ ಓದಿ.