ತುಟಿಗೆ ಪ, ಬ, ಮ ಒಂದೇ

ಬೆಳಕಿಗೆ ಮುಖ ತಿರುಗಿಸಿ ಮಾತಾಡಲು ಕಲಿಸಿದ ಅಕ್ಕನಿಗೆ,

ಈ ಕಾಗದ ಕೈಸೇರುವ ಹೊತ್ತಿಗೆ ನಿನ್ನ ಹೊಲಿಗೆ ಯಂತ್ರದ ಮೇಲೆ ಯಾರದೋ ಅರ್ಧ ಅಂಗಿ ಕೂತಿರುತ್ತದೆ. ಅದನ್ನು ಮುಗಿಸಿಯೇ ಓದು, ಗಿರಾಕಿ ನನಗಿಂತ ದೊಡ್ಡವರು. ಆದರೆ ಶುಕ್ರವಾರ ಸಂಜೆಯ ಸುದ್ದಿಗೆ ಮೊದಲು ಓದು. ಅವತ್ತು ನಾನು ಆ ಕುರ್ಚಿಯಲ್ಲಿ ಕೂತು ಸುದ್ದಿ ಓದುವುದು ಕೊನೆಯ ಸಲ.

ಗಾಬರಿ ಬೇಡ. ಕೆಲಸ ಹೋಗಿಲ್ಲ, ಏರಿದೆ. ಸೋಮವಾರದಿಂದ ನಾನು ಸುದ್ದಿ ಸಂಪಾದಕಿ. ಕುರ್ಚಿ ದೊಡ್ಡದು, ಕೋಣೆ ಗಾಜಿನದು, ತಲೆನೋವು ಸ್ವಂತದ್ದು. ಯಾವುದು ಸುದ್ದಿ, ಯಾವುದು ಬರೀ ಸದ್ದು ಎಂದು ವಿಂಗಡಿಸುವವಳು ಇನ್ನು ನಾನೇ. ಕೇಳಿದ ತಕ್ಷಣ ಒಪ್ಪಿಕೊಂಡೆ. ಬಿಂಕದ ಮಾತಲ್ಲ, ಆ ಕೆಲಸ ನನಗೆ ಬರುತ್ತದೆ. ಮೆಟ್ಟಿಲಿಳಿಯುವಾಗ ಮಾತ್ರ ಕಾಲು ನಿಂತಿತು. ತೆರೆಯ ಹಿಂದೆ ಹೋದವಳ ತುಟಿ ನಿನಗೆ ಎಲ್ಲಿ ಕಾಣಬೇಕು? ಇಷ್ಟು ವರ್ಷ ನಾನು ಊರಿಗೆಲ್ಲ ಓದಿದೆ ಎಂದುಕೊಂಡವರಿಗೆ ಗೊತ್ತಿಲ್ಲ. ನಾನು ಓದಿದ್ದು ಒಬ್ಬಳಿಗೆ. ಉಳಿದವರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು.

ಜ್ವರ ಬಂದು ನಿನ್ನ ಕಿವಿ ಹೋದಾಗ ನಾನಿನ್ನೂ ತೊದಲುತ್ತಿದ್ದೆ. ಅಪ್ಪ ನಿನ್ನೊಡನೆ ಕೂಗಿ ಮಾತಾಡುತ್ತಿದ್ದರು, ಅಮ್ಮ ಅತ್ತು ಮಾತಾಡುತ್ತಿದ್ದಳು. ಎರಡರಲ್ಲೂ ಬಾಯಿ ಸೊಟ್ಟಗಾಗುತ್ತದೆ, ಒಂದಕ್ಷರ ತಿಳಿಯುವುದಿಲ್ಲ ಎಂದು ನೀನು ಇಬ್ಬರನ್ನೂ ಬಿಟ್ಟು ನನ್ನನ್ನು ಹಿಡಿದೆ. ಗಲ್ಲ ಹಿಡಿದು ಅಡುಗೆಮನೆಯ ಕಿಟಕಿಯ ಕಡೆ ತಿರುಗಿಸಿ, "ಬೆಳಕಿಗೆ ಬಾರೇ ಗಿಳಿ, ಕತ್ತಲಲ್ಲಿ ಗೊಣಗಬೇಡ" ಅನ್ನುತ್ತಿದ್ದೆ. ಪ, ಬ, ಮ ಮೂರೂ ನಿನ್ನ ಕಣ್ಣಿಗೆ ಒಂದೇ ಎಂದು ಗೊತ್ತಾದದ್ದು ಮೋಡ ಕವಿದ ಒಂದು ಮಧ್ಯಾಹ್ನ. ನಾನು "ಮಳೆ ಬಂತು" ಎಂದೆ. ನೀನು ಒಣಹಾಕಿದ ಬಟ್ಟೆ ತರುವುದು ಬಿಟ್ಟು "ಬಳೆ ಯಾರು ತಂದ್ರೇ?" ಎನ್ನುತ್ತಾ ಬಾಗಿಲಿಗೆ ಓಡಿದೆ. ಬಟ್ಟೆಯೆಲ್ಲ ನೆನೆಯಿತು, ಒದೆ ನನಗೆ ಬಿತ್ತು. ಆಮೇಲೆ ಅದೇ ನಮ್ಮ ಆಟವಾಯಿತು. ಪ್ರಾಸದ ಹುಚ್ಚು ನನಗೆ ಹತ್ತಿದ್ದು ಅಲ್ಲೇ. ಅದು ಕಿವಿಯಿಂದ ಬಂದದ್ದಲ್ಲ, ನಿನ್ನ ಕಣ್ಣಿನಿಂದ ಬಂದದ್ದು.

ಕೆಲಸಕ್ಕೆಂದು ಹೊರಟ ದಿನ ನೆನಪಿದೆಯಾ? ಬಸ್ಸಿನ ಕಿಟಕಿಯ ಗಾಜು ಏನು ಮಾಡಿದರೂ ತೆರೆಯಲಿಲ್ಲ. ನೀನು ಕೆಳಗೆ ನಿಂತು, ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ, "ಕಾಗದಾ?" ಎಂದು ಕೂಗಿದೆ. ನಾನು ಒಳಗಿಂದ "ಬರೀತೀನಿ" ಎಂದೆ. ನಿನ್ನ ಮುಖ ಸಪ್ಪಗಾಯಿತು. ಯಾಕೆಂದು ತಿಳಿಯುವ ಮೊದಲೇ ಬಸ್ಸು ಹೊರಟಿತು. ನನ್ನ ಮೊದಲ ಕಾಗದಕ್ಕೆ ನೀನು ಬರೆದ ಉತ್ತರ ಒಂದೇ ಸಾಲು: "ಮರೀತೀನಿ ಅಂತ ಹೇಳಿ ಹೋದೋಳು ಬರ್ದಿದೀಯಲ್ಲ, ಸಂತೋಷ."

ವಾಹಿನಿಯಲ್ಲಿ ಸುದ್ದಿ ಓದುವವರ ಆಯ್ಕೆ ಪರೀಕ್ಷೆಗೆ ಬಂದವರೆಲ್ಲ ಕ್ಯಾಮೆರಾದ ಮುಂದೆ ಮನೆಗೆ ಬೆಂಕಿ ಬಿದ್ದವರಂತೆ ಅರಚಿದರು. ನಾನು ದೀಪ ಎಲ್ಲಿದೆ ಎಂದು ನೋಡಿ, ಗಲ್ಲ ಎತ್ತಿ, ನಿನಗೆ ಹೇಳುವ ಹಾಗೆ ಹೇಳಿದೆ. "ಎಲ್ಲಿ ಕಲಿತ್ರಿ?" ಎಂದರು. "ಅಡುಗೆಮನೆ ಕಿಟಕಿ ಹತ್ರ" ಎಂದೆ. ತಮಾಷೆ ಎಂದುಕೊಂಡು ಕೆಲಸ ಕೊಟ್ಟರು. ಅಲ್ಲಿಂದೀಚೆಗೆ ಸರ್ಕಾರಗಳು ಬಿದ್ದವು, ಸೇತುವೆಗಳು ಬಿದ್ದವು, ಒಮ್ಮೆ ನೇರಪ್ರಸಾರದಲ್ಲಿ ನನ್ನ ಬೆನ್ನ ಹಿಂದಿನ ಹಲಗೆಯೂ ಬಿತ್ತು. ನಾನು ಬೀಳಲಿಲ್ಲ. ಸರ್ಕಾರ ಬಿದ್ದ ಸಂಜೆ ನಿನ್ನಿಂದ ಬಂದ ಸಂದೇಶ ಇಷ್ಟೇ: "ಕಾಲರ್ ಎದ್ದಿದೆ. ಯಾರ ಹೊಲಿಗೆ ಅದು?"

ಮಂತ್ರಿಯ ಪ್ರಕರಣದಲ್ಲಂತೂ ನೀನು ನನ್ನನ್ನು ಉಳಿಸಿದೆ. ಯಾವುದೋ ಉದ್ಘಾಟನೆಯಲ್ಲಿ ಆತ ಗುತ್ತಿಗೆದಾರನ ಕಡೆ ಬಾಗಿ ಏನೋ ಉಸುರಿದ್ದ. ಚಿತ್ರವಿತ್ತು, ಧ್ವನಿಯಿರಲಿಲ್ಲ. "ನಮ್ಮ ಪಾಲು ಬಂತಾ ಅಂತಲೇ ಕೇಳಿದ್ದಾನೆ, ಹಾಕಿಬಿಡೋಣ" ಎಂದು ಕಚೇರಿಯೆಲ್ಲ ಕುಣಿಯಿತು. ಆ ತುಣುಕನ್ನು ನಿನಗೆ ಕಳಿಸಿದೆ. ನೀನು ಎಷ್ಟೋ ಸಲ ತಿರುಗಿಸಿ ನೋಡಿ ಹೇಳಿದೆ: "ಪಾಲೋ ಮಾಲೋ ನಾ ಕಾಣೆ ಕಣೇ. ನಂಗೆ ಕಾಣೋದು ತುಟಿ, ಹೊಟ್ಟೆಯೊಳಗಿರೋದಲ್ಲ." ನಾನು ಹಾಕಲಿಲ್ಲ. "ನಿಮ್ಗೆ ಧೈರ್ಯ ಇಲ್ಲ" ಎಂದರು. ಇನ್ನೊಂದು ವಾಹಿನಿಯವರು 'ಪಾಲು ಕೇಳಿದ ಮಂತ್ರಿ, ಪಾಲಿಗಾಗಿ ಕುತಂತ್ರಿ' ಎಂದು ದಿನವಿಡೀ ಬಡಿದರು. ಕೊನೆಗೆ ಸಭೆಯ ಇನ್ನೊಂದು ಮೂಲೆಯ ಮೈಕಿನಲ್ಲಿ ಸಿಕ್ಕ ಮಾತು 'ಮಾಲು'. ಮಂತ್ರಿ ಕೇಳಿದ್ದು ಸಿಮೆಂಟು ಬಂತೇ ಎಂದು. ಆ ವಾಹಿನಿ ಕ್ಷಮೆ ಕೇಳಿತು, ಅದೂ ಪ್ರಾಸವಿಲ್ಲದೆ. ನನ್ನನ್ನು ಆ ಗಾಜಿನ ಕೋಣೆಗೆ ಕಳಿಸುತ್ತಿರುವುದು ಅವತ್ತು ಹಾಕದ ಆ ಸುದ್ದಿ.

ಬಡ್ತಿಗೆ ಒಪ್ಪಿಕೊಂಡ ಮೇಲೆ ನಾನೂ ಒಂದು ಷರತ್ತು ಹಾಕಿದೆ. ತೆರೆಯ ಕೆಳಗೆ ಓಡುವ ಅಕ್ಷರಪಟ್ಟಿ ವರ್ಷ ವರ್ಷ ಬೆಳೆದು ಈಗ ಗಲ್ಲ ಮುಟ್ಟುತ್ತಿದೆ. ಅದು ತುಟಿಗೆ ಏರಕೂಡದು ಎಂದೆ. "ಪಟ್ಟಿ ದೊಡ್ಡದಿದ್ರೆ ಸುದ್ದಿ ದೊಡ್ಡದು ಅನ್ಸುತ್ತೆ ಮೇಡಂ" ಎಂದ ಗ್ರಾಫಿಕ್ಸಿನವನು. "ಹಾಗಾದ್ರೆ ಬಾಯಿಗೇ ಕಟ್ಟಪ್ಪ, ದೊಡ್ಡ ಗಾಯ ಅನ್ಸಲಿ" ಎಂದೆ. ಪಟ್ಟಿ ಇಳಿಯಿತು.

ಇನ್ನು ನನ್ನ ಕುರ್ಚಿಗೆ ಬರುವ ಹೊಸ ಹುಡುಗಿ. ಹಲ್ಲಿನ ಸಂದಿಯಲ್ಲೇ ಮಾತು ಮುಗಿಸುವವಳು. ಅವಳನ್ನು ಓದಲು ಕೂರಿಸಿ, ನಾನು ಗಾಜಿನಾಚೆ ಟೀವಿಯ ಸದ್ದು ತೆಗೆದು ಕೂರುತ್ತೇನೆ. ಕಂಡದ್ದನ್ನು ಬರೆದು ತೋರಿಸುತ್ತೇನೆ. ಮೊದಲ ದಿನ ಅವಳ ಹವಾಮಾನ ವರದಿ ನನಗೆ ಕೊಲೆ ಪ್ರಕರಣವಾಗಿ ಕಂಡಿತು. "ಇಷ್ಟೆಲ್ಲ ಯಾರಿಗೋಸ್ಕರ ಮೇಡಂ?" ಎಂದಳು. "ನಮ್ಮಕ್ಕನಿಗೋಸ್ಕರ." "ಒಬ್ಬರಿಗೇನಾ?" "ಆ ಒಬ್ಬಳಿಗೆ ತಿಳಿದ್ರೆ ಊರಿಗೆಲ್ಲ ತಿಳಿಯುತ್ತಮ್ಮ." ಈಗ ಚೆನ್ನಾಗಿ ಓದುತ್ತಾಳೆ. ಸೋಮವಾರ ನೋಡು. ತಿಳಿಯದಿದ್ದರೆ ನನಗೆ ಬೈ, ಅವಳಿಗಲ್ಲ. ಕಾಲರಿನ ವಿಷಯ ಮಾತ್ರ ಅವಳಿಗೇ ಬರೆ, ಅಭ್ಯಾಸವಾಗಲಿ.

ಈಗ ಈ ಕಾಗದದ ಕಾರಣ. ಶುಕ್ರವಾರ ನಾನು ಎಲ್ಲರಿಗೂ ನಮಸ್ಕಾರ ಹೇಳಿ ಮೈಕು ಆರಿದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಮುಖದ ಮೇಲೇ ಇರುತ್ತದೆ. ನಾವೆಲ್ಲ ಆಗ ಜೋಡಿಸಿದ ಹಾಳೆಗಳನ್ನೇ ಮತ್ತೆ ಜೋಡಿಸುವ ನಾಟಕ ಆಡುತ್ತೇವೆ. ಅವತ್ತು ನಾನು ಹಾಳೆ ಮುಟ್ಟುವುದಿಲ್ಲ. ಗಲ್ಲ ಎತ್ತಿ, ಬೆಳಕಿಗೆ ತಿರುಗಿ, ಸದ್ದಿಲ್ಲದೆ ನಿನಗೊಂದು ಮಾತು ಹೇಳುತ್ತೇನೆ. ಬಸ್ಸಿನ ಗಾಜಿನಾಚೆ ಹೇಳಿದ ಅದೇ ಮಾತು. ತುಟಿ ನೋಡಿದರೆ ನಿನಗೆ ಈ ಸಲವೂ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಅದಕ್ಕೇ ಮೊದಲೇ ಅಕ್ಷರದಲ್ಲಿ ಹಾಕಿ ಕಳಿಸುತ್ತಿದ್ದೇನೆ.

'ಬ' ಅಕ್ಕಾ. ಬರೀತೀನಿ.

ನಿನ್ನ ಕಣ್ಣು ಚುರುಕಾಗಿರಲಿ, ಸೂಜಿಗೆ ದಾರ ಒಂದೇ ಸಲಕ್ಕೆ ಸೇರಲಿ.

ಬೆಳಕಿನಲ್ಲೇ ಇರುವ,
ನಿನ್ನ ಗಿಳಿ