ಅಕ್ಕನ ಎಡಗೈ ಹೊಲಿಗೆ

ಗುರುವಾರ, ರಾತ್ರಿ ಹತ್ತು ಗಂಟೆ. ಮಧ್ಯಾಹ್ನವೆಲ್ಲ ಗೆಳತಿಯರ ಜೊತೆ ಕೂತು ಕೌದಿ ಹೊಲಿದೆ. ಅಕ್ಕ ತೀರಿಕೊಂಡ ಮೇಲೆ ನಾನು ಬಾಯ್ತುಂಬ ನಗುವುದು ಅಲ್ಲಿ ಮಾತ್ರ. ಅವಳು ಅರ್ಧಕ್ಕೆ ಬಿಟ್ಟುಹೋದ ಕೌದಿಯನ್ನೂ ಅಲ್ಲಿಗೇ ಒಯ್ಯುತ್ತೇನೆ.

ಮನೆಗೆ ಬಂದು ಬಿಡಿಸಿದರೆ, ಒಂದು ಮೂಲೆಯ ಅಂಚಿನಲ್ಲಿ ಗೇಣುದ್ದ ಹೊಲಿಗೆಯೇ ಬೇರೆ. ಅಕ್ಕ ಎಡಗೈಯವಳು, ಅವಳ ಹೊಲಿಗೆ ಎಡಕ್ಕೆ ವಾಲುತ್ತದೆ. ಇದು ಬಲಕ್ಕೆ ವಾಲಿದೆ. ಯಾರೋ ಅವಳದನ್ನು ಬಿಚ್ಚಿ, ನೀಟಾಗಿ ಮತ್ತೆ ಹೊಲಿದಿದ್ದಾರೆ.

ಇವತ್ತು ಟೀ ಮಾಡುವ ಸರದಿ ನನ್ನದಿತ್ತು. ನಾನು ಒಳಗಿದ್ದಾಗ ನನ್ನ ಕೌದಿಯ ಗಂಟಿನ ಪಕ್ಕ ಕೂತಿದ್ದವಳು ಟೈಲರಮ್ಮ. ಮೊನ್ನೆ "ಏನೇ ಇದು, ನಿಮ್ಮಕ್ಕನ ಹೊಲಿಗೆ ಕೋಳಿ ಕೆದರಿದ ಹಾಗಿದೆ!" ಎಂದು ಎಲ್ಲರನ್ನೂ ನಗಿಸಿದವಳೂ ಅವಳೇ. ಸಂಜೆ ಅವಳಿಗೇ ಫೋನ್ ಮಾಡಿ, "ಕೌದಿ ಮಡಚಿಟ್ಟಿದ್ದು ಯಾರು?" ಅಂತಷ್ಟೇ ಕೇಳಿದೆ.

"ಅಯ್ಯೋ, ನಾನ್ಯಾಕೆ ಬಿಚ್ಚಲಿ ತಾಯಿ?" ಅಂದಳು.

ಹೊಲಿಗೆ ಬಿಚ್ಚಿದ್ದರ ಮಾತನ್ನು ನಾನು ಎತ್ತಿರಲೇ ಇಲ್ಲ.

ಒಳ್ಳೆಯದಕ್ಕೇ ಮಾಡಿರಬಹುದು. ಆದರೆ ಆ ಗೇಣುದ್ದದಲ್ಲಿ ಈಗ ಅಕ್ಕನ ಕೈ ಇಲ್ಲ. ದೀಪ ಆರಿಸಿ ಉಳಿದ ಅಂಚನ್ನೆಲ್ಲ ಬೆರಳಲ್ಲಿ ಸವರಿದೆ. ಅದೆಲ್ಲ ಅವಳದೇ, ಸದ್ಯಕ್ಕೆ. ಮತ್ತೆ ದೀಪ ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಾಳೆಯೂ ಹೊಲಿಗೆಯಿದೆ. ಟೀ ಮಾಡುವ ಸರದಿ ಟೈಲರಮ್ಮನದು. ಅವಳ ಗಂಟಿನ ಪಕ್ಕ ನಾನು ಕೂರುತ್ತೇನೆ.