ಬಿಲ್ಲೆಯ ಸುತ್ತ ಖಾಲಿ ಜಾಗ

ಸಂಶೋಧನಾಲಯದ ವಸತಿಗೃಹ
ಮಾರ್ಚ್ ೮, ಭಾನುವಾರ

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ಮಹಡಿ ಹತ್ತಬೇಡಿ ಎಂದರೆ ನೀವು ಕೇಳುವವರಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಪಕ್ಕದ ಮನೆಯವರ ಜೊತೆ ಹರಟೆ ಕೊಚ್ಚುವುದು ನನಗೆ ಗೊತ್ತಿಲ್ಲವೇ. ನನ್ನ ಸಿಡುಕಿ ಮಗಳು ತಕರಾರಿಲ್ಲದೆ ಶಾಲೆಗೆ ಹೋಗುತ್ತಿದ್ದಾಳೆಯೇ? ಮೂಗಿನ ತುದಿಯ ಆ ಕೋಪ ನನ್ನದಲ್ಲ, ನಿಮ್ಮ ಮಗನದು.

ಗುರುವಾರ ನಡೆದದ್ದನ್ನು ಅವತ್ತಿನಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಲ್ಲಿ ದಿನವಿಡೀ ಏನು ಮಾಡ್ತೀಯೇ ಎಂದು ಕೇಳುತ್ತಿದ್ದಿರಲ್ಲ, ಕೇಳಿ. ಕಬ್ಬಿಣದಿಂದ ಮಾಡಿದ ಒಂದು ಕಪ್ಪು ಪುಡಿ ಇದೆ. ಬಿಡಿ ಕಣ ಕಣ್ಣಿಗೇ ಕಾಣದಷ್ಟು ಸಣ್ಣದು. ಎರಡು ರಾಸಾಯನಿಕಗಳನ್ನು ಬಿಸಿಮಾಡುವಾಗ ಚಿಟಿಕೆ ಪುಡಿ ಹಾಕಿದರೆ ಅವು ಬೇಗ ಕೂಡಿ ಹೊಸ ಪದಾರ್ಥವಾಗುತ್ತವೆ. ಆಮೇಲೆ ಗಾಜಿನ ಪಾತ್ರೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಒಂದು ಬದಿಗೆ ಅಂಟಿ ನಿಲ್ಲುತ್ತದೆ. ದ್ರವ ಬಗ್ಗಿಸಿಕೊಂಡು, ಪುಡಿಯನ್ನು ತೊಳೆದು ಮತ್ತೆ ಬಳಸುತ್ತೇವೆ. ಮದುವೆ ಮಾಡಿಸಿ, ಊಟಕ್ಕೂ ಕಾಯದೆ ಇನ್ನೊಂದು ಮನೆಗೆ ಹೊರಡುವ ದಲ್ಲಾಳಿ ಅನ್ನಿ.

ಹಾಗೆ ಬಂದ ಹಳದಿ ಹರಳನ್ನು ಕರಗಿಸಿ, ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ರೋಗಾಣು ಹರಡಿದ ತಟ್ಟೆಯಲ್ಲಿಟ್ಟಿದ್ದೆ. ನಿಮ್ಮ ಮಗನ ಆಪರೇಷನ್ ಗಾಯಕ್ಕೆ ಹೊಕ್ಕು, ಯಾವ ಔಷಧಿಗೂ ಜಗ್ಗದೆ ಅವರನ್ನು ಕರೆದುಕೊಂಡೇ ಹೋಯಿತಲ್ಲ, ಅದೇ ಜಾತಿಯದು. ಹಿಂದೆ ಮಾಡಿದ ಯಾವ ಹರಳಿಗೂ ಅದು ಕ್ಯಾರೇ ಅಂದಿರಲಿಲ್ಲ. ಗುರುವಾರ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಬಿಲ್ಲೆಯ ಸುತ್ತ ನಾಣ್ಯದಗಲ ಖಾಲಿ ಜಾಗ. ಅಲ್ಲಿ ಅದು ಬೆಳೆದೇ ಇರಲಿಲ್ಲ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಎಲ್ಲರೂ ಸಭೆಗೆ ಹೋಗಿದ್ದರು. ಹೊರಗೆ ಓಡಿ, ನೆಲ ಒರೆಸುತ್ತಿದ್ದ ಹೆಂಗಸಿಗೆ "ಸತ್ತುಹೋಯ್ತು" ಅಂದೆ. "ಅಯ್ಯೋ, ಯಾರಮ್ಮ?" ಎಂದು ಆಕೆ ಕೈಯಲ್ಲಿದ್ದ ಬಟ್ಟೆ ಕೆಳಗೆ ಹಾಕಿದರು. ಎಲ್ಲಿಂದ ಶುರುಮಾಡಿ ಹೇಳಲಿ? ಯಾರೂ ಇಲ್ಲ ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ನಮ್ಮ ಗೈಡ್ ಇನ್ನೊಮ್ಮೆ ಮಾಡಿ ತೋರಿಸಿ ಅಂದರು. ನಿನ್ನೆಯೂ ಹಾಗೇ ಬಂತು. ಇದಿನ್ನೂ ಔಷಧಿಯಲ್ಲ, ಅತ್ತೆ. ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲಿ ಸೋಲಬಹುದು, ಮೈಗೇ ವಿಷವಾಗಲೂಬಹುದು. ಆದರೂ ಆ ರೋಗಾಣು ಒಮ್ಮೆಯಾದರೂ ಸೋತದ್ದನ್ನು ನೀವು ನನ್ನ ಪಕ್ಕದಲ್ಲಿ ನಿಂತು ನೋಡಬೇಕಿತ್ತು.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಸಿಡುಕಿಯ ಎರಡೂ ಕೆನ್ನೆಗೆ ಮುತ್ತು. ಒರೆಸಿಕೊಂಡರೆ ಇನ್ನೆರಡು ಕೊಡಿ.

ನಿಮ್ಮ
ಸೊಸೆ

ಮತ್ತೆ: ಇನ್ನೆರಡು ವರ್ಷ ಇಲ್ಲೇ ಮುಂದುವರಿಸಿ ಎಂದು ಗೈಡ್ ಹೇಳಿದ್ದಾರೆ. ನಿನ್ನೆ ಫೋನಿನಲ್ಲಿ ನಮ್ಮ ಸಿಡುಕಿ, "ಅಮ್ಮ, ನೀವು ಯಾವಾಗ ಬರ್ತೀರಾ?" ಅಂದಳು. ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಅನ್ನುತ್ತಿದ್ದವಳು, ನೆಂಟರಿಗೆ ಹೇಳುವ ಹಾಗೆ 'ನೀವು' ಅಂದಳು. ಕೆಲಸ ಬಿಡಲಾರೆ, ಅವಳನ್ನು ಬಿಟ್ಟಿರಲಾರೆ. ಇಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿಯಿದೆ. ಇಬ್ಬರೂ ಬಂದುಬಿಡಿ. ಈ ವಯಸ್ಸಿನಲ್ಲಿ ನಿಮ್ಮನ್ನು ಕದಲಿಸುವುದು ಸರಿಯಲ್ಲ, ಗೊತ್ತು, ಆದರೂ ಕೇಳುತ್ತಿದ್ದೇನೆ. ಬರುವುದಾದರೆ ಅವಳಿಂದಲೇ ಫೋನ್ ಮಾಡಿಸಿ. 'ನೀನು' ಅನ್ನು ಎಂದು ಮಾತ್ರ ಅವಳಿಗೆ ಹೇಳಿಕೊಡಬೇಡಿ.